ಇನ್ನೂರ ಹದಿನಾಲ್ಕು ಮಂದಿಯ ಒಂದೇ ಫೋನು

ಮಹಂತೇಶನಿಗೆ ಯಾರು ಏನು ಕೇಳಿದರೂ ಇನ್ನೂರೈವತ್ತು ಪದಗಳಲ್ಲಿ ಉತ್ತರ ಕೊಡುವ ಚಟವಿತ್ತು. ಊಟ ಆಯಿತೇ ಎಂದರೆ ಸಾಕು, ಮೊದಲು ಪೀಠಿಕೆ, ಆಮೇಲೆ ಆಯಿತು ಎನ್ನಲು ಕಾರಣಗಳು, ಆಗಿಲ್ಲ ಎನ್ನಲು ಕಾರಣಗಳು, ಕೊನೆಗೆ ‘ಮುಂದಿನ ದಾರಿ’. ಇದು ಹುಟ್ಟಿನಿಂದ ಬಂದದ್ದಲ್ಲ. ಗದಗದಿಂದ ಎರಡು ಟ್ರಂಕು ಪುಸ್ತಕ ಹೊತ್ತು ದಿಲ್ಲಿಗೆ ಬಂದು, ಮುಖರ್ಜಿ ನಗರದ ಕಿಟಕಿಯಿಲ್ಲದ ಕೋಣೆಯಲ್ಲಿ ಐದು ವರ್ಷ ಐ.ಎ.ಎಸ್. ಪರೀಕ್ಷೆಗೆ ಓದಿ ಸಂಪಾದಿಸಿದ್ದು. ಪರೀಕ್ಷೆಗೆ ನಾಲ್ಕು ಸಲ ಕೂತ. ನಾಲ್ಕು ಸಲವೂ ಮೊದಲ ಸುತ್ತಿನಲ್ಲೇ ಎದ್ದ.

ದೇಶಕ್ಕೆ ಒಬ್ಬ ಜಿಲ್ಲಾಧಿಕಾರಿ ನಷ್ಟವಾದ. ನೀಮ್‌ವಾಲಿ ಗಲ್ಲಿಯ ಸರ್ಕಾರಿ ಕ್ಲಿನಿಕ್ಕಿಗೆ ಗುತ್ತಿಗೆಯ ಮೇಲೆ ಒಬ್ಬ ಕಂಪ್ಯೂಟರ್ ಆಪರೇಟರ್ ಸಿಕ್ಕ. ಊರಲ್ಲಿ ಅಪ್ಪ, ‘ಮಗ ದಿಲ್ಲಿಯ ಹೆಲ್ತ್ ಡಿಪಾರ್ಟ್‌ಮೆಂಟ್‌ನಲ್ಲಿದಾನ’ ಎಂದು ಹೇಳಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಡಿಪಾರ್ಟ್‌ಮೆಂಟಿನ ಒಂದಡಿ ಅಗಲದ ಕಿಟಕಿಯ ಹಿಂದೆ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ ಇದ್ದ. ಬಂದವರ ಹೆಸರು, ವಯಸ್ಸು, ಫೋನ್ ನಂಬರು ಹೊಡೆದು ಪರ್ಚಿ, ಅಂದರೆ ಚೀಟಿ, ಕೊಡುವುದು ಅವನ ಕೆಲಸ. ‘ಪ್ರಾಥಮಿಕ ಆರೋಗ್ಯ ವ್ಯವಸ್ಥೆಯನ್ನು ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂಬ ಪ್ರಶ್ನೆಗೆ ಹನ್ನೊಂದು ಸಲ ಉತ್ತರ ಬರೆದು ಅಭ್ಯಾಸ ಮಾಡಿದ್ದವನಿಗೆ ಆ ವ್ಯವಸ್ಥೆಯ ಮುಖ ಮೊದಲ ಬಾರಿ ಕಂಡದ್ದು ಆ ಕಿಟಕಿಯಿಂದ. ಅದು ಕೆಮ್ಮುತ್ತಿತ್ತು.

ಕ್ಲಿನಿಕ್ಕು ಡಾಕ್ಟರದ್ದೆಂದು ಬೋರ್ಡು ಹೇಳುತ್ತಿತ್ತು. ನಡೆಸುತ್ತಿದ್ದವರು ನರ್ಸ್ ಮಾಚಮ್ಮ. ಕೊಡಗಿನವರು. ಗಂಡ ಪೊನ್ನಣ್ಣ ಸೇನೆಯಿಂದ ಸುಬೇದಾರರಾಗಿ ನಿವೃತ್ತರಾಗಿ ಘಾಜಿಯಾಬಾದಿನ ಫ್ಲಾಟಿನಲ್ಲಿ ಗುಲಾಬಿ ಗಿಡಗಳಿಗೆ ಆರ್ಡರ್ ಕೊಡುತ್ತಿದ್ದರು; ಹೆಂಡತಿ ಇಲ್ಲಿ ರೋಗಿಗಳಿಗೆ. ಐವತ್ತೇಳು ವರ್ಷದ ಆ ಹೆಂಗಸು ಬಾಗಿಲಿಗೆ ಬಂದು ಸುಮ್ಮನೆ ನಿಂತರೂ ಸಾಲು ತಾನಾಗಿ ನೆಟ್ಟಗಾಗುತ್ತಿತ್ತು. ಮಹಂತೇಶನ ಜತೆ ಮಾತ್ರ ಕನ್ನಡ. ಬೈಯುವುದಕ್ಕೆ ಇಂಥ ಅನುಕೂಲ ದಿಲ್ಲಿಯಲ್ಲಿ ಬೇರೆ ಸಿಕ್ಕಿಲ್ಲ ಎಂದು ಅವರೇ ಹೇಳುತ್ತಿದ್ದರು.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಮಹಂತೇಶ ತನ್ನ ಜೀವನದ ದೊಡ್ಡ ತಪ್ಪು ಮಾಡಿದ. ಪರ್ಚಿ ಹೊರಡಿಸುವ ಸಾಫ್ಟ್‌ವೇರಿನಲ್ಲಿ ಫೋನ್ ನಂಬರಿನ ಡಬ್ಬಿಯ ಪಕ್ಕ ಒಂದು ಕೆಂಪು ನಕ್ಷತ್ರ. ತುಂಬದೆ ಬಿಟ್ಟರೆ ಪರ್ಚಿ ಬರುವುದಿಲ್ಲ. ಪರ್ಚಿ ಇಲ್ಲದೆ ಔಷಧಿ ಇಲ್ಲ. ಗಲ್ಲಿಯ ಹಿಂದಿನ ಗುಡಿಸಲುಗಳ ಬಸ್ತಿಯಲ್ಲಿ ಇಟ್ಟಿಗೆ ಹೊರುವ ಹೆಂಗಸರಿಗೆ ಫೋನೆಲ್ಲಿ? ಮನೆಗೊಂದು ಫೋನು, ಅದು ಗಂಡನ ಜೇಬಿನಲ್ಲಿ, ಗಂಡ ನೋಯ್ಡಾದ ಯಾವುದೋ ಹನ್ನೆರಡನೇ ಮಹಡಿಯ ಮೇಲೆ ಗಾರೆ ಕೆಲಸದಲ್ಲಿ. ಹಳೆಯ ಆಪರೇಟರ್ ಇಂಥವರಿಗೆಲ್ಲ ಒಂಬತ್ತನ್ನು ಹತ್ತು ಸಲ ಹೊಡೆದು ಮುಗಿಸುತ್ತಿದ್ದನಂತೆ. ಮಹಂತೇಶ ನೀತಿಶಾಸ್ತ್ರದ ಪತ್ರಿಕೆಗೆ ಓದಿದವನು. ಇಲ್ಲದ ನಂಬರು ಬರೆಯುವುದು ಸುಳ್ಳು. ಇರುವ ನಂಬರು ಬರೆದರೆ ಅರ್ಧವಾದರೂ ಸತ್ಯ. ಹೀಗೆ ತರ್ಕಿಸಿ ತನ್ನದೇ ನಂಬರು ಹೊಡೆದ.

ಆ ಅರ್ಧ ಸತ್ಯ ಬಹಳ ಬೇಗ ಬೆಳೆಯಿತು. ರಕ್ತದ ವರದಿ, ಎಕ್ಸ್‌ರೇ ವರದಿ ಎಲ್ಲ ಮೆಸೇಜಾಗಿ ಅವನ ಫೋನಿಗೇ ಬರತೊಡಗಿದವು. ಕ್ಲಿನಿಕ್ಕು ಮುಗಿದ ಮೇಲೆ ಅವನು ಬಸ್ತಿಯ ಓಣಿಗಳಲ್ಲಿ ತಿರುಗಿ, ‘ಫೂಲ್‌ವತಿ, ಶುಗರ್ ಮುನ್ನೂರ ಎಂಬತ್ತು, ನಾಳೆ ಬೆಳಿಗ್ಗೆ ಬಾ’ ಎಂದು ಮನೆ ಮನೆಗೆ ಹೇಳಿ ಬರಬೇಕಾಯಿತು. ಜಿಲ್ಲಾಧಿಕಾರಿಯಾಗಿ ಗ್ರಾಮ ವಾಸ್ತವ್ಯ ಮಾಡುವ ಕನಸಿತ್ತು. ಜೀಪೊಂದು ಬಿಟ್ಟು ಉಳಿದದ್ದೆಲ್ಲ ಈಡೇರಿತು.

ಅಷ್ಟರಲ್ಲಿ ಚುನಾವಣೆ ಬಂದು ಸರ್ಕಾರ ಬದಲಾಯಿತು.

ಚುನಾವಣೆಗೆ ಮುಂಚೆ ಹಳೆ ಪಕ್ಷದವರು ಇಂಥ ಕ್ಲಿನಿಕ್ಕುಗಳನ್ನು ಹೊಗಳಿದ್ದೇ ಹೊಗಳಿದ್ದು. ವಿದೇಶದವರು ಬಂದು ನೋಡಿ ಬೆರಗಾಗಿ ಹೋದರಂತೆ. ನೀಮ್‌ವಾಲಿ ಗಲ್ಲಿಗೆ ಬಂದ ವಿದೇಶಿಯನ್ನು ಮಹಂತೇಶ ಕಂಡಿರಲಿಲ್ಲ. ಡಾಕ್ಟರು ಹನ್ನೊಂದಕ್ಕೆ ಬಂದು ಒಂದಕ್ಕೆ ಹೋಗುವುದನ್ನು ಕಂಡಿದ್ದ, ಶುಗರ್ ಪರೀಕ್ಷೆಯ ಸ್ಟ್ರಿಪ್ಪು ಎರಡೆರಡು ವಾರ ಇಲ್ಲದಿರುವುದನ್ನು ಕಂಡಿದ್ದ. ಹೊಸ ಪಕ್ಷದವರು ಬಂದು, ಇದೆಲ್ಲ ಮೋಸ, ಇಲ್ಲಿ ರೋಗಿಗಳೇ ಇಲ್ಲ, ಬರೀ ಭೂತಗಳು ಎಂದರು. ಫೂಲ್‌ವತಿಯ ಮುನ್ನೂರ ಎಂಬತ್ತು ಎಂಟು ತಿಂಗಳಲ್ಲಿ ನೂರ ಅರವತ್ತಕ್ಕೆ ಇಳಿದದ್ದನ್ನೂ ಅವನು ಕಂಡಿದ್ದ. ಭೂತಗಳ ಶುಗರ್ ಹಾಗೆ ಇಳಿಯುವುದಿಲ್ಲ. ಎರಡೂ ಕಡೆಯ ಭಾಷಣಗಳಲ್ಲಿ ಎಲ್ಲವೂ ಇತ್ತು, ಈ ಕ್ಲಿನಿಕ್ಕು ಒಂದನ್ನು ಬಿಟ್ಟು.

ಒಂದು ಸಂಜೆ ಮುಖರ್ಜಿ ನಗರದ ಮೆಸ್ಸಿನಲ್ಲಿ ರಾಜ್ಮಾ ಅನ್ನ ಕಲಸುತ್ತ ಟೀವಿ ನೋಡಿದರೆ, ಪರದೆ ತುಂಬ ಅವನ ಫೋನ್ ನಂಬರು. ಕೊನೆಯ ಎರಡು ಅಂಕಿ ಮಸುಕು ಮಾಡಿದ್ದರು. ‘ಒಂದೇ ನಂಬರು! ಇನ್ನೂರ ಹದಿನಾಲ್ಕು ರೋಗಿಗಳು! ಭೂತಗಳ ಕ್ಲಿನಿಕ್ಕು!’ ಎಂದು ಆಂಕರ್ ಅರಚುತ್ತಿದ್ದ. ಪಕ್ಕದಲ್ಲಿ ಎರಡೂ ಪಕ್ಷದ ವಕ್ತಾರರು ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಮಹಂತೇಶ ಐದು ವರ್ಷದಿಂದ ರಾಷ್ಟ್ರಮಟ್ಟದ ಪಟ್ಟಿಯಲ್ಲಿ ತನ್ನ ನಂಬರು ಬರಲಿ ಎಂದು ಕಾದಿದ್ದ. ಬಂತು.

ಮರುದಿನ ನೋಟೀಸೂ ಬಂತು. ನೋಯ್ಡಾದ ಒಂದು ಕಾಲ್ ಸೆಂಟರಿನಿಂದ ನಾಲ್ಕು ದಿನ ಎಲ್ಲ ರೋಗಿಗಳಿಗೂ ಫೋನ್ ಮಾಡಿ ಪರಿಶೀಲನೆ. ಅರ್ಧಕ್ಕಿಂತ ಹೆಚ್ಚು ಮಂದಿ ಸಿಗದಿದ್ದರೆ ಕ್ಲಿನಿಕ್ಕು ಬಂದ್. ರೋಗಿಗಳು ಆರು ಕಿಲೋಮೀಟರ್ ದೂರದ ದೊಡ್ಡಾಸ್ಪತ್ರೆಗೆ ಹೋಗಬೇಕು. ಆಪರೇಟರ್ ಮೇಲೆ ಪೊಲೀಸ್ ದೂರು. ಅದಕ್ಕೆ ಮೊದಲು ಲಿಖಿತ ವಿವರಣೆ ಕೊಡತಕ್ಕದ್ದು.

ಲಿಖಿತ ವಿವರಣೆ! ಮಹಂತೇಶನ ಕಣ್ಣು ಹೊಳೆಯಿತು. ಅರ್ಧ ಗಂಟೆಯಲ್ಲಿ ಬರೆದು ತಂದು ಮಾಚಮ್ಮನ ಮುಂದಿಟ್ಟ. ಅವರು ಕನ್ನಡಕ ಏರಿಸಿ ಹಿಂದಿಯಲ್ಲಿದ್ದುದನ್ನು ಗಟ್ಟಿಯಾಗಿ ಓದಿದರು.

“‘ಭಾರತದ ಆರೋಗ್ಯ ವ್ಯವಸ್ಥೆ ಇಂದು ಕವಲುದಾರಿಯಲ್ಲಿ ನಿಂತಿದೆ.’ ಅಚ್ಛಾ. ‘ಒಂದೆಡೆ ಡಿಜಿಟಲ್ ಪಾರದರ್ಶಕತೆ, ಇನ್ನೊಂದೆಡೆ ಡಿಜಿಟಲ್ ಅಂತರ.’ ಅಚ್ಛಾ. ‘ಸರ್ವರ ಸಹಭಾಗಿತ್ವದ ಸಮತೋಲಿತ...’” ಕನ್ನಡಕ ಕೆಳಗಿಟ್ಟರು. “ಅಲ್ಲ ಮಾರಾಯ, ಇದರಲ್ಲಿ ಫೂಲ್‌ವತಿ ಎಲ್ಲಿದಾಳೆ?”

“ಎರಡನೇ ಪ್ಯಾರಾದಾಗ ಬರ್ತಾಳ ಸಿಸ್ಟರ್. ‘ವಂಚಿತ ವರ್ಗಗಳು’ ಅಂತ.”

“ಆ ಹೆಸರಲ್ಲಿ ಕರೆದ್ರೆ ಅವಳು ತಿರುಗಿ ನೋಡ್ತಾಳಾ?”

ಮಹಂತೇಶ ಕಾಗದ ಹರಿದು, ಬೇರೆ ಹಾಳೆ ತೆಗೆದು ನಾಲ್ಕು ಸಾಲು ಬರೆದ: ಇವರಿಗೆ ಫೋನಿಲ್ಲ. ಡಬ್ಬಿ ಖಾಲಿ ಬಿಡಲು ಆಗುವುದಿಲ್ಲ. ನನ್ನ ನಂಬರು ಹಾಕಿದೆ, ಯಾರನ್ನೂ ಕೇಳದೆ, ಅದು ನನ್ನ ತಪ್ಪು. ಇನ್ನೂರ ಹದಿನಾಲ್ಕು ಮಂದಿಯನ್ನೂ ಹುಡುಕಿ ತರುತ್ತೇನೆ.

“ಕೊನೆ ಸಾಲು ಜೋರಾಯ್ತಲ್ಲ?” ಎಂದರು ಮಾಚಮ್ಮ.

“ಹುಡುಕತೀನಿ ಸಿಸ್ಟರ್.”

“ಹಾಗಾದ್ರೆ ಸೈನ್ ಮಾಡು.”

ಮೊದಲ ದಿನ ಒಂಬತ್ತು ಗಂಟೆಗೆ ಸರಿಯಾಗಿ ಫೋನು ಬಡಿದುಕೊಂಡಿತು. ಒಬ್ಬ ಹುಡುಗಿಯ ಧ್ವನಿ. “ನಮಸ್ಕಾರ, ನೀವು ಶ್ರೀಮತಿ ರಾಮ್‌ರತಿಯವರೇ?”

“ಅಲ್ಲ,” ಎಂದ ಮಹಂತೇಶ ಪ್ರಾಮಾಣಿಕವಾಗಿ.

ಫೋನ್ ಕಟ್. ಮತ್ತೆ ಬಡಿಯಿತು. “ನೀವು ಕುಮಾರಿ ಮುನ್ನಿಯವರೇ?”

“ಅಲ್ಲ ಮೇಡಂ, ಆದರೆ ಕೇಳಿ...” ಕಟ್.

ಹೀಗೆ ಐದು ಸಲ ನಿಜ ಹೇಳಿ ಐದು ರೋಗಿಗಳನ್ನು ಭೂತ ಮಾಡಿದ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗಳನ್ನು ಅವನು ಬಲ್ಲ. ಸರಿ ಉತ್ತರಕ್ಕೂ ಕಳೆಯುವುದು ಇದೇ ಮೊದಲು. ಆರನೇ ಸಲ ಫೋನೆತ್ತಿದವನೇ ಹುಡುಗಿ ಬಾಯಿ ತೆರೆಯುವ ಮುನ್ನ ಕೂಗಿದ. “ಕಟ್ ಮಾಡಬೇಡ ಬೆಹನ್! ನಾನು ಯಾರೂ ಅಲ್ಲ, ಆದರೆ ಅವರೆಲ್ಲ ಇದ್ದಾರೆ!”

ಈ ಸಲ ಕಟ್ ಆಗಲಿಲ್ಲ. ಆಮೇಲೆ ತಗ್ಗಿದ ಧ್ವನಿ. “ಭಯ್ಯಾ, ನನ್ನ ಮುಂದೆ ಇರೋದು ನಾಲ್ಕು ಆಪ್ಷನ್. ನಾಲ್ಕನೇದು, ‘ಫೋನ್ ಬೇರೆಯವರದು, ರೋಗಿಯೇ ಮಾತಾಡಿದರು’. ಹೆಸರು, ವಯಸ್ಸು, ಯಾಕೆ ಬಂದಿದ್ರು ಅಂತ ಅವರ ಬಾಯಿಂದಲೇ ಹೇಳಬೇಕು. ಇದ್ದರೆ ಕೊಡಿ.”

“ಒಂದೈದು ನಿಮಿಷ...”

“ಒಂದು ನಿಮಿಷಕ್ಕೆ ತಾನೇ ಕಟ್ ಆಗತ್ತೆ. ಸಾರಿ. ಲಿಸ್ಟು ನಿಮ್ಮ ರಿಜಿಸ್ಟರ್ ಹೇಗಿದೆಯೋ ಹಾಗೇ ಬರತ್ತೆ ಭಯ್ಯಾ, ನಾನೇನೂ ಬದಲಿಸಲಾರೆ.” ಕಟ್.

ಮಹಂತೇಶ ಫೋನನ್ನು ದಿಟ್ಟಿಸಿದ. ರಿಜಿಸ್ಟರ್ ಹೇಗಿದೆಯೋ ಹಾಗೆ. ಆ ರಿಜಿಸ್ಟರನ್ನು ಹೊಡೆದವನು ಅವನೇ. ಮುಂದಿನ ಕರೆ ಯಾರಿಗೆ, ಅದರ ಮುಂದಿನದು ಯಾರಿಗೆ, ನಾಳೆ ಮಧ್ಯಾಹ್ನ ಯಾರಿಗೆ, ಎಲ್ಲ ಅವನ ಬಳಿ ಇತ್ತು. ಜೀವನದಲ್ಲಿ ಮೊದಲ ಸಲ ಪ್ರಶ್ನೆಪತ್ರಿಕೆ ಅವನ ಕೈಯಲ್ಲಿತ್ತು.

ಆ ದಿನದ ಉಳಿದ ಕರೆಗಳು ಹಾಗೇ ಹೋದವು. ಸಂಜೆ ಪಟ್ಟಿ ಹಿಡಿದು ಬಸ್ತಿಗೆ ನುಗ್ಗಿದ. ಎಲ್ಲ ಮನೆಯೂ ಅವನಿಗೆ ಗೊತ್ತು; ಎಲ್ಲ ಮನೆಗೂ ಅವನ ಕಾಲು ಗೊತ್ತು. “ನಾಳೆ ಕ್ಲಿನಿಕ್ಕಿಗೆ ಬನ್ನಿ. ಪರ್ಚಿ ತನ್ನಿ.”

“ದಿಹಾಡಿ ಹೋಗತ್ತೆ ಭಯ್ಯಾ,” ಎಂದಳು ಫೂಲ್‌ವತಿ. ಒಂದು ದಿನದ ಕೂಲಿ. ನೀರಿಗೆ ಹೊರಟು ತಲೆಗೆ ಸಿಂಬೆ ಸುತ್ತುತ್ತಿದ್ದವಳು ಅಲ್ಲೇ ನಿಂತಳು. “ಬರದಿದ್ದರೆ?”

“ಮಾತ್ರೆಗೆ ಎರಡು ಬಸ್ಸು ಹತ್ತಬೇಕು.”

“ಪ್ರತಿ ತಿಂಗಳು?”

“ಪ್ರತಿ ತಿಂಗಳು.”

ಫೂಲ್‌ವತಿ ಸಿಂಬೆ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಅವಳು ಇಟ್ಟಿಗೆ ಹೊರುವ ಹೆಂಗಸರಿಗೆಲ್ಲ ಹಿರಿಯಳು. ಅವನಿಗಿಂತ ಮುಂದೆ ಹೋಗಿ ಬಾಗಿಲು ಬಡಿಯತೊಡಗಿದಳು.

ಎರಡನೇ ದಿನ ಬೆಳಿಗ್ಗೆ ಕ್ಲಿನಿಕ್ಕಿನ ಅಂಗಳದಲ್ಲಿ ಅರವತ್ತು ಮಂದಿ. ಮಾಚಮ್ಮ ಪಟ್ಟಿ ಹಿಡಿದು ಒಂದು, ಎರಡು ಎಂದು ಎಲ್ಲರನ್ನೂ ಕ್ರಮವಾಗಿ ಕೂರಿಸಿದರು. ಸ್ಪೀಕರ್ ಹಾಕಿದ ಫೋನು ಮೊದಲನೆಯವಳ ಕೈಯಿಂದ ಎರಡನೆಯವಳಿಗೆ, ಮೂರನೆಯವಳಿಗೆ ಸಾಗಬೇಕು. ತೊಡಕು ಬಂದದ್ದು ವಯಸ್ಸಿನ ವಿಷಯದಲ್ಲಿ.

“ನಿಮ್ಮ ವಯಸ್ಸು?” ಎಂದು ಹುಡುಗಿ ಕೇಳಿದರೆ ಮೊದಲನೆಯವಳು, “ಯಾವುದೋ ಒಂದು ಬರೆದುಕೋ ಮಗಳೇ, ನಿನಗಿಂತ ಜಾಸ್ತಿ,” ಎಂದುಬಿಟ್ಟಳು.

ಕಿಟಕಿಯಲ್ಲಿ ಮುಖ ನೋಡಿ ವಯಸ್ಸು ಬರೆದವನು ಮಹಂತೇಶನೇ. ಮುಖರ್ಜಿ ನಗರದ ರಕ್ತ ಕುದಿಯಿತು. ಸಾಲಿನ ಉದ್ದಕ್ಕೂ ಓಡಾಡಿ ಕೋಚಿಂಗ್ ಶುರು ಮಾಡಿದ. “ನಿಮ್ಮದು ನಲವತ್ತೊಂದು, ಹೇಳಿ. ನಲವತ್ತೊಂದು. ನಿಮ್ಮದು ಮೂವತ್ತಾರು, ಮೊಣಕಾಲು ನೋವು...”

“ಮಹಂತೇಶ್!” ಮಾಚಮ್ಮನ ಧ್ವನಿಗೆ ಗೋಡೆಯ ಮೇಲಿನ ಹಲ್ಲಿಯೂ ನಿಂತಿತು. “ಹೇಳಿಕೊಟ್ಟು ಹೇಳಿಸಿದ್ರೆ ಟೀವಿಯವ್ರು ಹೇಳಿದ್ದೇ ನಿಜ ಆಗತ್ತೆ. ಅವರ ಹತ್ರ ಪರ್ಚಿ ಇದೆ. ಓದೋಕೆ ಬರೋವ್ರು ಓದ್ಲಿ, ಬರದವ್ರು ಗೊತ್ತಿಲ್ಲ ಅನ್ಲಿ. ನೀನು ಬಾಯಿ ಮುಚ್ಚು.”

ಅವನು ಬಾಯಿ ಮುಚ್ಚಿದ. ಸೆರಗಿನ ಗಂಟುಗಳಿಂದ, ಪ್ಲಾಸ್ಟಿಕ್ ಚೀಲಗಳಿಂದ, ಒಬ್ಬಳ ರೇಷನ್ ಕಾರ್ಡಿನ ನಡುವಿನಿಂದ ಪರ್ಚಿಗಳು ಹೊರಬಂದವು. ಒಂದೂ ಕಳೆದಿರಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಸರ್ಕಾರದಿಂದ ಸಿಕ್ಕ ಕಾಗದವೆಂದರೆ ಅದೊಂದೇ, ಮಡಿಕೆಯಲ್ಲಿ ಹರಿದರೂ ಎಸೆದಿರಲಿಲ್ಲ. ಓದು ಬಲ್ಲವಳು ಪಕ್ಕದವಳ ಪರ್ಚಿ ಓದಿ ಹೇಳಿದಳು. “ಅದು ನಾನು ಹೇಳಿದ ವಯಸ್ಸಲ್ಲ, ಭಯ್ಯಾ ಬರೆದ ವಯಸ್ಸು,” ಎಂದು ಒಬ್ಬಳು ಫೋನಿನಲ್ಲೇ ಸ್ಪಷ್ಟನೆ ಕೊಟ್ಟಳು. ಆ ಕಡೆ ಹುಡುಗಿ ನಕ್ಕಳು. ಆದರೆ ನಾಲ್ಕನೇ ಆಪ್ಷನ್ ಒತ್ತಿದಳು.

ಮೂರನೇ ದಿನ ಸುದ್ದಿ ಹಬ್ಬಿ ಎರಡೂ ಪಕ್ಷದವರು ಬಂದರು. ಹಳೆ ಪಕ್ಷದವನ ಕೈಯಲ್ಲಿ ಹಾರ, ಹೊಸ ಪಕ್ಷದವನ ಕೈಯಲ್ಲಿ ಕ್ಯಾಮೆರಾ.

“ಬಡವರ ವೀರ ಇವನು!” ಎಂದು ಹಾರದವನು ಮಹಂತೇಶನ ಕತ್ತು ಹುಡುಕಿದ. “ಸಂಜೆ ನಮ್ಮ ಸ್ಟೇಜಿಗೆ ಬಾ. ಇಡೀ ಪ್ರಪಂಚದಲ್ಲೇ ಇಂಥ ಕ್ಲಿನಿಕ್ಕಿಲ್ಲ ಅಂತ ಹೇಳು.”

“ಇವನೇ ಭೂತಗಳ ಮೇಸ್ತ್ರಿ!” ಎಂದ ಕ್ಯಾಮೆರಾದವನು. “ಹೇಳಪ್ಪ, ಎಷ್ಟು ದಿನದಿಂದ ಈ ನಾಟಕ? ಈ ಹೆಂಗಸರಿಗೆ ಏನು ಕೊಟ್ಟೆ?”

“ನಿಮ್ಮ ಕಾಲದಲ್ಲಿ ಇಲ್ಲಿ ನಾಯಿ ಮಲಗ್ತಿತ್ತು!” ಎಂದ ಹಾರದವನು.

“ನಿಮ್ಮ ಕಾಲದಲ್ಲಿ ನಾಯಿಗೂ ಪರ್ಚಿ ಕೊಟ್ಟಿದೀರಿ!”

ಗದ್ದಲಕ್ಕೆ ಫೋನ್ ಹಿಡಿದಿದ್ದ ಮುದುಕಿ ಏನೂ ಕೇಳಿಸದೆ, “ಹಾಂ? ಹಾಂ?” ಎನ್ನುತ್ತಿದ್ದಳು. ಒಂದು ನಿಮಿಷ ಓಡುತ್ತಿತ್ತು. ಮಹಂತೇಶನ ತಲೆಯಲ್ಲಿ ಎರಡೂ ಕಡೆಯ ವಾದ ತಾನಾಗಿ ಜೋಡಣೆಯಾಗತೊಡಗಿತ್ತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ‘ಮುಂದಿನ ದಾರಿ’ ಹೇಳಿಬಿಡುತ್ತಿದ್ದ. ಬದಲಿಗೆ ಅವನ ಬಾಯಿಂದ ಬಂದದ್ದು, “ಸುಮ್ಮನಿರ್ರಿ ಇಬ್ಬರೂ! ಅಜ್ಜಿಗೆ ಕೇಳಿಸವಲ್ದು!” ಗದಗದ ಕನ್ನಡ. ಒಂದಕ್ಷರ ಅರ್ಥವಾಗದೆ ಇಬ್ಬರೂ ಸುಮ್ಮನಾದರು.

ಆ ಮೌನದೊಳಗೆ ಮಾಚಮ್ಮ ಕಾಲಿಟ್ಟರು. “ಇದು ಆಸ್ಪತ್ರೆ. ಒಳಗೆ ನಿಲ್ಲಬೇಕಂದ್ರೆ ಪರ್ಚಿ. ಪರ್ಚಿ ಅಂದ್ರೆ ಬಿ.ಪಿ. ನೋಡೋದು. ಚಲೋ, ತೋಳು ಮೇಲೆ.” ಎರಡೂ ಪಕ್ಷ ತೋಳು ಮೇಲೆ ಮಾಡಿತು. ಹಾರದವನದು ನೂರ ಎಪ್ಪತ್ತು. ಕ್ಯಾಮೆರಾದವನದು ಅದಕ್ಕೂ ಮೇಲೆ. ಮುಂದಿನ ಅರ್ಧ ಗಂಟೆ ಇಬ್ಬರೂ ಬೆಂಚಿನ ಮೇಲೆ ಒತ್ತಿಕೊಂಡು ಮಾತಾಡದೆ ಕೂತರು, ಯಾಕೆಂದರೆ ಮಾತಾಡಿದರೆ ಬಿ.ಪಿ. ಏರುತ್ತದೆಂದು ಹೇಳಲಾಗಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಬರಬೇಕಿದ್ದ ಕರೆಯನ್ನು ಮಹಂತೇಶ ಮೊದಲ ದಿನದಿಂದಲೇ ಬಲ್ಲ. ರಿಜಿಸ್ಟರಿನಲ್ಲಿ ಅದು ನೂರ ಎಂಬತ್ತೇಳನೆಯದು.

“ನಮಸ್ಕಾರ, ಶ್ರೀ ಬಾಬುಲಾಲ್ ಅವರೇ?”

ಫೋನು ಬಾಬುಲಾಲನ ಹೆಂಡತಿಯ ಕೈಯಲ್ಲಿತ್ತು. “ಬಂದಿದ್ದರು,” ಎಂದಳು. “ಕೆಮ್ಮಿಗೆ. ಪರ್ಚಿ ಇದೆ. ಈಗ ಅವರಿಲ್ಲ.”

ಆ ಕಡೆ ಹುಡುಗಿ ನಾಲ್ಕೂ ಆಪ್ಷನ್ ತನ್ನಷ್ಟಕ್ಕೇ ಓದಿಕೊಂಡಳು. ಆಮೇಲೆ, “ಭಯ್ಯಾ... ಇದಕ್ಕೆ ಆಪ್ಷನ್ ಇಲ್ಲ.”

ಬಾಬುಲಾಲನ ಎಕ್ಸ್‌ರೇ ವರದಿ ಹೋದ ವರ್ಷ ಒಂದು ಶನಿವಾರ ಮಧ್ಯಾಹ್ನ ಮಹಂತೇಶನ ಫೋನಿಗೆ ಬಂದಿತ್ತು. ಮರುದಿನ ಭಾನುವಾರ, ಕೆಲಸಕ್ಕೆ ಸೇರಿದ ಮೇಲೂ ಬಿಡದೆ ಓದಿದ್ದ ಅವನ ನಾಲ್ಕನೇ ಸಲದ ಪರೀಕ್ಷೆ. ಏಕಾಗ್ರತೆಗೆಂದು ಫೋನು ಆಫ್ ಮಾಡಿ ಟ್ರಂಕಿನೊಳಗೆ ಇಟ್ಟಿದ್ದ. ನೋಡಿದ್ದು ಸೋಮವಾರ. ಕ್ಷಯ ಎರಡೂ ಪುಪ್ಪುಸಕ್ಕೆ ಹರಡಿತ್ತು. ದೊಡ್ಡಾಸ್ಪತ್ರೆಗೆ ಸೇರಿಸಿದ ಮೂರು ವಾರಕ್ಕೆ ಬಾಬುಲಾಲ ಹೋದ. ಎರಡು ದಿನ ಮೊದಲೇ ಬಂದಿದ್ದರೂ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಎಂದರು ಡಾಕ್ಟರು. ಮಹಂತೇಶ ಆ ಪ್ರಶ್ನೆಯ ಎರಡೂ ಕಡೆಯನ್ನು ಬರೆದು ನೋಡಲು ಎಂದೂ ಕೂತಿಲ್ಲ. ಟ್ರಂಕು ಮುಚ್ಚಿದವನು ಮತ್ತೆ ಪರೀಕ್ಷೆಗೆ ಅರ್ಜಿ ಹಾಕಲಿಲ್ಲ. ಫೋನು ಅಂದಿನಿಂದ ಒಂದು ಸಲವೂ ಆಫ್ ಆಗಿಲ್ಲ.

ಅವನು ಫೋನು ತೆಗೆದುಕೊಂಡ. “ಬೆಹನ್, ಆಪ್ಷನ್ ಇಲ್ಲದಿದ್ದರೆ ಬರೀ. ಅವರು ಇದ್ದರು, ಫೋನಿರಲಿಲ್ಲ ಅಂತ ಬರೀ. ಎಲ್ಲಾದರೂ ಒಂದು ಕಡೆ ಬರೀ.”

“ಷರಾ ಅಂತ ಒಂದು ಡಬ್ಬಿ ಇದೆ. ಯಾರೂ ಓದಲ್ಲ.”

“ಅಲ್ಲೇ ಬರೀ.”

ಕೀಬೋರ್ಡ್ ಹೊಡೆಯುವ ಸದ್ದು ಕೇಳಿಸಿತು. ಆಮೇಲೆ ಅವಳೇ ಹೇಳಿದಳು, “ಮೊದಲನೇ ದಿನ ಕಟ್ ಆದವರಿದ್ದಾರಲ್ಲ, ಅವರನ್ನೂ ಕೂರಿಸಿಕೊಳ್ಳಿ. ಊಟದ ಹೊತ್ತಲ್ಲಿ ನಾನು ಮತ್ತೆ ಮಾಡ್ತೀನಿ. ರೂಲ್ಸಿನಲ್ಲಿ ಬೇಡ ಅಂತೇನಿಲ್ಲ.”

ಸಂಜೆಗೆ ಲೆಕ್ಕ ಸಿಕ್ಕಿತು. ಇನ್ನೂರ ಹದಿನಾಲ್ಕರಲ್ಲಿ ನೂರ ಎಪ್ಪತ್ತೊಂಬತ್ತು ಮಂದಿ ತಾವೇ ಮಾತಾಡಿದ್ದರು. ಕೆಲವರು ಬುಂದೇಲ್‌ಖಂಡದ ಊರಿಗೆ ಹಿಂದಿರುಗಿದ್ದರು. ನಾಲ್ವರು ತೀರಿಕೊಂಡಿದ್ದರು. ಏಳು ಮಂದಿ ಯಾರು, ಎಲ್ಲಿ ಎಂಬುದು ಮಹಂತೇಶನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಬರೆದು ಸಹಿ ಹಾಕಿದ. ಏಳನ್ನು ಹಿಡಿದು ಹೊಸ ಪಕ್ಷದವರು ಒಂದು ವಾರ ಕೂಗಿದರು. ನೂರ ಎಪ್ಪತ್ತೊಂಬತ್ತನ್ನು ಹಿಡಿದು ಹಳೆ ಪಕ್ಷದವರು ಎರಡು ವಾರ ಕೂಗಿದರು. ಶುಗರ್ ಪರೀಕ್ಷೆಯ ಸ್ಟ್ರಿಪ್ಪು ಆ ಮೂರೂ ವಾರ ಇರಲಿಲ್ಲ. ಅದಕ್ಕಾಗಿ ಯಾರೂ ಕೂಗಲಿಲ್ಲ. ಮಹಂತೇಶ ಮಾತ್ರ ದಿನಾ ಬೆಳಿಗ್ಗೆ ಇಲಾಖೆಗೆ ಎರಡೆರಡು ಸಾಲಿನ ಪತ್ರ ಬರೆದ, ಇಪ್ಪತ್ತೊಂದು ಪತ್ರ. ಇಪ್ಪತ್ತೆರಡನೇ ದಿನ ಒಂದು ಡಬ್ಬಿ ಸ್ಟ್ರಿಪ್ಪು ಬಂತು.

ಮುಚ್ಚುವ ಪಟ್ಟಿಯಿಂದ ನೀಮ್‌ವಾಲಿ ಗಲ್ಲಿಯ ಹೆಸರು ತೆಗೆದಿದ್ದರು, ‘ಸದ್ಯಕ್ಕೆ’ ಎಂಬ ಮಾತು ಸೇರಿಸಿ. ಬೋರ್ಡಿಗೆ ಹೊಸ ಬಣ್ಣ ಬಂತು. ಸಾಫ್ಟ್‌ವೇರಿನಲ್ಲೂ ಒಂದು ಸಣ್ಣ ಬದಲಾವಣೆ. ಕೆಂಪು ನಕ್ಷತ್ರ ಹೋಗಿತ್ತು. ಅದರ ಕೆಳಗೆ ಹೊಸ ಡಬ್ಬಿ: ‘ಫೋನು ಯಾರದು?’ ಯಾರೋ ಷರಾ ಓದಿದ್ದರು.

ಅಂದು ಸಾಲಿನಲ್ಲಿ ಮೊದಲಿಗಳು ಫೂಲ್‌ವತಿ. ಮಹಂತೇಶ ಹೆಸರು ಹೊಡೆದ, ವಯಸ್ಸು ಹೊಡೆದ, ಫೋನಿನ ಡಬ್ಬಿಯಲ್ಲಿ ಕೈ ನಿಲ್ಲಿಸಿದ.

“ಇನ್ನು ಇದು ಖಾಲಿ ಬಿಟ್ಟರೂ ನಡೆಯುತ್ತೆ,” ಎಂದ ಹೆಮ್ಮೆಯಿಂದ.

“ಖಾಲಿ ಬಿಟ್ಟರೆ ನನ್ನ ರಿಪೋರ್ಟು ಯಾರಿಗೆ ಬರುತ್ತೆ ಭಯ್ಯಾ?”

ಹಿಂದೆ ನಿಂತವರೂ ಕತ್ತು ಮುಂದೆ ಚಾಚಿದರು. ಮಹಂತೇಶ ಹತ್ತು ಅಂಕಿ ಹೊಡೆದ. ‘ಫೋನು ಯಾರದು?’ ಎಂಬುದನ್ನು ಒತ್ತಿದ. ಸ್ವಂತದ್ದು, ಗಂಡನದು, ಮಗನದು, ನೆರೆಯವರದು, ಇತರೆ. ಒಂದು ಗಳಿಗೆ ಯೋಚಿಸಿ ‘ನೆರೆಯವರದು’ ಆರಿಸಿದ. ಪರ್ಚಿ ಹೊರಬಂತು.

ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಮಾಚಮ್ಮ ಕೇಳಿದ್ದು ಒಂದೇ ಮಾತು. “ಚಾರ್ಜರ್ ತಂದಿದೀಯಾ?”

“ತಂದೀನಿ,” ಎಂದ ಮಹಂತೇಶ. ಒಂದೇ ಪದದಲ್ಲಿ.